ಅಪ್ಪ ಇರುವಾಗಲೇ ಹೋದ ಮೀಸೆ

ಮೀಸೆ ಇರುವವರೆಗೆ ಅದು ನಮ್ಮದು, ಹೋದಮೇಲೆ ಊರಿನದು. ಈ ಮಾತನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ, ರಾಯಚೂರಿನ ತರಕಾರಿ ಬಜಾರಿನಲ್ಲಿ ನಿಂತು ಕಲಿತದ್ದು.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಗಲೆಲ್ಲ ಶಾಲೆಯಲ್ಲಿ ಸರ್ಕಾರದ ಅಪ್ಪಣೆಯಂತೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟು, ಸಂಜೆ ಕನ್ನಡದಲ್ಲಿ ಗಂಟಲು ಹರಿದುಕೊಳ್ಳುವ ನಮ್ಮಂಥ ಕೆಲವರು ಸೇರಿ ಒಂದು ನಾಟಕ ಮಂಡಳಿ ಕಟ್ಟಿಕೊಂಡಿದ್ದೆವು. ಅಜ್ಜಂದಿರ ಕಾಲದ, ಮಾತಿಗಿಂತ ಹಾಡೇ ಹೆಚ್ಚಿರುವ ಒಂದು ನಗೆನಾಟಕ ಆರಿಸಿದೆವು. ಅಪ್ಪ ಗೊತ್ತುಮಾಡಿದ ಹಲ್ಲಿಲ್ಲದ ವರನನ್ನು ಮಗಳು ಹಾಡಿ ಹಾಡಿಯೇ ಓಡಿಸುವ ಕಥೆ. ಆ ಮಗಳು ನಾನೇ. ಚೆಲುವಿಗಾಗಿ ಸಿಕ್ಕ ಪಾತ್ರವೆಂದು ದಯವಿಟ್ಟು ತಿಳಿಯಬೇಡಿ. ಉಳಿದವರದೆಲ್ಲ ಎತ್ತು ಹೊಡೆಯುವ ದನಿ, ನನ್ನದೊಂದೇ ಮೇಲಿನ ಷಡ್ಜ ಮುಟ್ಟುತ್ತಿತ್ತು.

ದನಿ ಇತ್ತು ನಿಜ, ಆದರೆ ಅದು ಹೊರಡುವ ಬಾಗಿಲಿಗೆ ತೋರಣ ಕಟ್ಟಿದಂತೆ ದಟ್ಟ ಮೀಸೆಯೂ ಇತ್ತು. ನಮ್ಮ ವೈಷ್ಣವ ಮನೆತನದಲ್ಲಿ ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ. ತೆಗೆದರೆ ತಂದೆ ಹೋದರೆಂದೇ ಲೆಕ್ಕ. ನಮ್ಮಪ್ಪನೋ ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡು, ಹುರಿಗಡಲೆ ಅಗಿಯುತ್ತ, ನನ್ನ ನಾಟಕದ ಹುಚ್ಚನ್ನು ಬೈಯುತ್ತ ಗಟ್ಟಿಮುಟ್ಟಾಗಿದ್ದರು. ಶಾಸ್ತ್ರ ಬರೆದ ಋಷಿಗಳು ಎಲ್ಲ ತಪ್ಪಿಗೂ ಪ್ರಾಯಶ್ಚಿತ್ತ ಹೇಳಿದ್ದಾರೆ, ಹೆಣ್ಣುಪಾತ್ರಕ್ಕಾಗಿ ಮೀಸೆ ಬೋಳಿಸಿದವನಿಗೆ ಮಾತ್ರ ಒಂದು ಸಾಲೂ ಇಲ್ಲ. ಪಾಪ, ಅವರೆಲ್ಲ ಗಡ್ಡದವರು, ನಾಯಕಿಯ ಪಾತ್ರ ಯಾರೂ ಕೊಟ್ಟಿರಲಿಕ್ಕಿಲ್ಲ.

ಮೀಸೆಗೆ ಅಕ್ಕಿಹಿಟ್ಟು ಮೆತ್ತಿ ನೋಡಿದೆವು. ತಾನ ಹೊಡೆದಾಗ ಹಿಟ್ಟು ಉದುರಿ ಹಾರ್ಮೋನಿಯಂ ಪೇಟಿ ಬಾರಿಸುವವರಿಗೆ ಸೀನು ಹತ್ತಿತು. ಸೆರಗು ಮುಚ್ಚಿಕೊಂಡರೆ ಹಾಡೂ ಸೆರಗಿನಲ್ಲೇ ಉಳಿಯಿತು. ನಾಟಕದ ದಿನ ಬೆಳಿಗ್ಗೆ, ನಮಗೆ ಪರದೆ ಸೀರೆಗಳನ್ನೆಲ್ಲ ಒದಗಿಸುತ್ತಿದ್ದ ಬಟ್ಟೆ ಅಂಗಡಿಯ ಖಾಸಿಂ ಸಾಹೇಬರು ತಮ್ಮ ಗಡ್ಡ ನೀವಿಕೊಳ್ಳುತ್ತ ತೀರ್ಪು ಕೊಟ್ಟರು: “ಮಾಸ್ತರ್, ಮೀಸಿ ಹೋದ್ರ ಮತ್ತ ಬರ್ತದರೀ, ಇಜ್ಜತ್ ಹೋದ್ರ ಬರಂಗಿಲ್ಲ. ಊರ ಮಂದಿಗೆಲ್ಲಾ ಬರ್ರಿ ಅಂತ ಹೇಳೀವಿ. ನೀವು ಒಲ್ಲೆ ಅಂದ್ರ ನಾಟಕ ಖತಂ.”

ಎಲ್ಲರೂ ನನ್ನ ಮೇಲ್ತುಟಿಯನ್ನೇ ನೋಡತೊಡಗಿದರು. ಮೀಸೆ ಬೆಳೆಯುವವರೆಗೆ ಮಾನ್ವಿ ಕಡೆ ತಲೆ ಹಾಕದಿದ್ದರಾಯಿತು ಎಂದು ಧೈರ್ಯ ಮಾಡಿ ಕ್ಷೌರದ ಅಂಗಡಿಯಲ್ಲಿ ಕೂತೇಬಿಟ್ಟೆ.

ತಲೆಗೆ ಕರಿ ಟೋಪಿ ಹಾಕಿಕೊಂಡು ತರಕಾರಿ ಬಜಾರು ದಾಟುವಷ್ಟರಲ್ಲಿ ಎದುರಿಗೆ ಬಂದವರು ಮಾನ್ವಿಯ ನಮ್ಮ ನೆರೆಮನೆಯ ವೆಂಕೋಬಾಚಾರ್ಯರು. ನನ್ನ ಮುಖ ಕಂಡದ್ದೇ ಬದನೆಕಾಯಿಯ ಚೀಲ ಕೆಳಗಿಟ್ಟು ಬಾಚಿ ತಬ್ಬಿಕೊಂಡರು.

“ಎಂಥಾ ಪುಣ್ಯಾತ್ಮರು ಹೋದ್ರಪಾ! ಮೊನ್ನೆ ನಾ ಊರು ಬಿಡೂ ಮುಂದ ಛಲೋ ಇದ್ರಲ್ಲೋ!”

ಅವರ ಹೆಗಲಲ್ಲಿ ಹೂತಿದ್ದ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬಿಡಿಸಿಕೊಂಡು ಟೋಪಿ ಸರಿಮಾಡಿಕೊಳ್ಳುವ ಹೊತ್ತಿಗೆ ಅವರು ನನ್ನ ಅವ್ವನಿಗೆ ಸಮಾಧಾನ ಹೇಳಲು ಮಾನ್ವಿ ಬಸ್ಸು ಹತ್ತಿಯಾಗಿತ್ತು. ನಾನು ಹಿಂದೆ ಓಡಿದೆ. ಯಾವಾಗಲೂ ಕೆಮ್ಮಿಕೊಂಡು ನಿಲ್ಲುತ್ತಿದ್ದ ಆ ಬಸ್ಸು ಅಂದು ಬಾಣದಂತೆ ಹೊರಟಿತು.

ಮುಂದಿನದು ಅವ್ವ ಹೇಳಿದ್ದು. ಅಪ್ಪ ಕಟ್ಟೆಯ ಮೇಲೆ ಕೂತು ತುಳಸಿ ಮಾಲೆ ಕಟ್ಟುತ್ತಿದ್ದರಂತೆ. ಆಚಾರ್ಯರು ಅಳುತ್ತ ಬಂದರು. ಬಸ್ಸಿನಲ್ಲಿ ಅವರಿಂದ ಸುದ್ದಿ ಕೇಳಿದವರೂ ಹಿಂದೆಯೇ ಅಳುತ್ತ ಬಂದರು. “ಯಾರು ಹೋದ್ರಪಾ?” ಎಂದು ಅಪ್ಪನೂ ಅಳುವ ತಯಾರಿಯಲ್ಲೇ ಕೇಳಿದರು. ಅಳುವವರು ಬಾಯಿ ತೆರೆದುಕೊಂಡೇ ನಿಂತರು.

“ನಿಮ್ಮ ಮಗ ಮೀಸಿ ತಗದಾನ್ರೀ...” ಎಂದು ಆಚಾರ್ಯರು ತೊದಲಿದರು.

ನಾಟಕದ ಸುದ್ದಿ ಮೊದಲೇ ಗೊತ್ತಿದ್ದ ಅಪ್ಪನಿಗೆ ಎಲ್ಲ ಹೊಳೆಯಿತು. ಶಲ್ಯ ಹೊದ್ದು, ರಾಯಚೂರಿಗೆ ಮರಳುತ್ತಿದ್ದ ಅದೇ ಬಸ್ಸು ಹತ್ತಿದರು. ಅಳಲು ಬಂದವರಿಗೂ ಸುಮ್ಮನೆ ಮನೆಗೆ ಹೋಗುವ ಮನಸ್ಸಾಗದೆ, ಅವರೂ ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ನಾಟಕ ಶುರುವಾಯಿತು. ಹಸಿರು ಸೀರೆ ಉಟ್ಟು, ನತ್ತು ಸಿಕ್ಕಿಸಿಕೊಂಡು, “ಬ್ಯಾಡ ಬ್ಯಾಡಪ್ಪ ಈ ಬೊಚ್ಚಬಾಯಿ ವರ, ಬಾವಿಗಾದರೂ ನೂಕಪ್ಪ ನನ್ನ” ಎಂದು ನಾನು ಹಾಡುತ್ತಿದ್ದಾಗ ಮುಂದಿನ ಜಮಖಾನೆಯ ಮೇಲೆ ನಿಜವಾದ ಅಪ್ಪ ಬಂದು ಕೂತರು. ನಾನು ಹಾಡು ಬಿಟ್ಟು ಸೆರಗಿನಿಂದ ತುಟಿ ಮುಚ್ಚಿಕೊಂಡೆ. ಪೇಟಿಯವರು ಅದೇ ಸಾಲನ್ನು ತಿರುಗಿ ತಿರುಗಿ ಬಾರಿಸಿದರು. ಪರದೆಯ ಹಿಂದಿನಿಂದ ಖಾಸಿಂ ಸಾಹೇಬರು “ಯಾ ಅಲ್ಲಾ!” ಎಂದದ್ದು ಎಲ್ಲರಿಗೂ ಕೇಳಿತು. ಅಪ್ಪ ಎದ್ದು ನಿಂತರು. ಇನ್ನು ನಾನೂ ಮುಗಿದೆ, ಮಂಡಳಿಯೂ ಮುಗಿಯಿತು ಎಂದುಕೊಂಡೆ.

“ಹಾಡಲೇ! ಸತ್ತಾಂವನ ಎದ್ದು ಬಂದು ಕುಂತೀನಿ, ನಿನಗೇನು ಧಾಡಿ?”

ಹಾಡಿದೆ. ಮುಗಿದಾಗ “ವನ್ಸ್ ಮೋರ್!” ಎಂದು ಮೊದಲು ಕೂಗಿದವರೂ ಅವರೇ.

ಬೈಗುಳಕ್ಕೆ ಸಿದ್ಧನಾಗಿ ಸೀರೆಯಲ್ಲೇ ಹೋಗಿ ಕಾಲಿಗೆರಗಿದೆ. ಅಪ್ಪನ ಮನಸ್ಸು ಬೇರೆಲ್ಲೋ ಇತ್ತು. “ಎರಡು ಮನಿ ನಡುವಿನ ಗೋಡಿ ಸಲುವಾಗಿ ಆ ವೆಂಕೋಬನ ಕೂಡ ಇಷ್ಟು ವರ್ಷ ಜಗಳಾಡೀನಿ. ನನ್ನ ಸಲುವಾಗಿ ಅಂವ ಹಂಗ ಅಳ್ತಾನಂತ ಗೊತ್ತಿರಲಿಲ್ಲ ನೋಡು,” ಎಂದರು. ತನಗಾಗಿ ಯಾರು ಅಳುತ್ತಾರೆಂದು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ಆ ಸಂಭ್ರಮದಲ್ಲಿ ಮೀಸೆಯ ವಿಚಾರ ಅವರಿಗೆ ಮರೆತೇಹೋಗಿತ್ತು.

ಕೆಲವು ವರ್ಷಗಳ ಮೇಲೆ ಅಪ್ಪ ನಿಜವಾಗಿಯೂ ಹೋದರು. ಕರ್ಮ ಮುಗಿಸಿ ಅದೇ ಕರಿ ಟೋಪಿ ಹಾಕಿಕೊಂಡು ರಾಯಚೂರಿಗೆ ಮರಳಿದೆ. ಸುದ್ದಿ ತಿಳಿಯದ ಖಾಸಿಂ ಸಾಹೇಬರು ನನ್ನ ಬೋಳು ತುಟಿ ನೋಡಿ ಅಂಗಡಿಯಿಂದಲೇ ಖುಷಿಯಿಂದ ಕೂಗಿದರು: “ಬರ್ರಿ ಮಾಸ್ತರ್! ಈ ಸಲ ಯಾವ ನಾಟಕರೀ?”

ನನಗೆ ನಗು ಬಂತು. ನಗುತ್ತಲೇ ಅವರ ಗಾದಿಯ ಮೇಲೆ ಕುಸಿದು, ಅಲ್ಲಿಯವರೆಗೆ ಬಾರದ ಅಳುವನ್ನೆಲ್ಲ ಅತ್ತುಬಿಟ್ಟೆ. ವಿಷಯ ತಿಳಿದ ಸಾಹೇಬರೂ ಅತ್ತರು. ಅಪ್ಪ ಅಲ್ಲಿದ್ದಿದ್ದರೆ ಖಂಡಿತ ವನ್ಸ್ ಮೋರ್ ಎನ್ನುತ್ತಿದ್ದರು.