ಅಲ್ ಜುಮೈಲ್‌ನ ಕಲ್ಲುಗೋಡೆಗಳು

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ದೋಹಾದ ಅಲ್ ಥುಮಾಮಾದಲ್ಲಿ ಒಂದು ವಿಲ್ಲಾದ ಹಿಂಭಾಗದ ಮನೆಯಲ್ಲಿದ್ದೆವು. ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿ ಬಿಡಿಭಾಗಗಳ ಗೋದಾಮೊಂದನ್ನು ನೋಡಿಕೊಳ್ಳುತ್ತಿದ್ದೆ. ಹೆಂಡತಿ ಮದುವೆಗೆ ಮುಂಚೆ ಬಂಟ್ವಾಳದ ಕಡೆ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಮ್ಮಿಬ್ಬರ ನಡುವೆ ಬ್ಯಾರಿ ಭಾಷೆ ನಡೆದರೂ ಮಕ್ಕಳೊಡನೆ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದಳು. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಅವರು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು.

ಶುಕ್ರವಾರವೆಂದರೆ ನಮಗೆ ಜುಮಾ ನಮಾಜು, ಬಿರಿಯಾನಿ, ನಿದ್ದೆ. ಸಂಜೆ ಮಕ್ಕಳು ತೀರಾ ಪೀಡಿಸಿದರೆ ವೆಸ್ಟ್ ಬೇ ಕಡೆ ಒಂದು ಸುತ್ತು. ಆಗ ಅಲ್ಲಿ ಪಿರಮಿಡ್ಡಿನಂಥ ಒಂದು ಹೋಟೆಲು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಇದನ್ನೆಲ್ಲ ಕೆಡಿಸಿದವರು ಪಕ್ಕದ ವಿಲ್ಲಾದ ಡಚ್ಚರು. ಗಂಡ ಬಂದರಿನ ಹೂಳೆತ್ತುವ ಕಂಪನಿಯಲ್ಲಿ ಎಂಜಿನಿಯರ್, ಹೆಂಡತಿ ಮನೆಯಲ್ಲಿ, ಅವಳಿಯರಾದ ಇಬ್ಬರು ಹೆಣ್ಣುಮಕ್ಕಳು. ಕಾಂಪೌಂಡ್ ಗೋಡೆಯ ಮೇಲಿಂದ ಮಕ್ಕಳ ಸ್ನೇಹವಾಯಿತು, ಆಮೇಲೆ ಹೆಂಗಸರದು. ಒಂದು ದಿನ ಆಕೆ ನಮ್ಮಲ್ಲಿ ಚಹಾ ಕುಡಿಯುತ್ತ ತನ್ನ ಬಾಲ್ಯದ ಭಾನುವಾರಗಳ ಬಗ್ಗೆ ಹೇಳಿದಳು. ಅಪ್ಪ ಬೆಳಗ್ಗೆಯೇ ಎಲ್ಲರನ್ನೂ ಕಾರಿಗೆ ತುಂಬಿಸಿ ಯಾವುದಾದರೂ ಹಳೆಯ ಊರಿಗೆ ಕರೆದೊಯ್ಯುತ್ತಿದ್ದನಂತೆ. ಹುಲ್ಲು ಬೆಳೆದ ಕೋಟೆಯ ದಿಬ್ಬಗಳು, ಇಟ್ಟಿಗೆ ಹಾಸಿದ ಬೀದಿಗಳು, ಕಾಲುವೆಯ ಮೇಲೆ ಎತ್ತಿ ಇಳಿಸುವ ಸೇತುವೆ, ಊರಿನಾಚೆ ಹಸುಗಳು ಮತ್ತು ಗಾಳಿಗಿರಣಿ. ಯಾವ ಊರಿಗೆ ಹೋದರೂ ಅಲ್ಲಿನ ಗೋಪುರ ಹತ್ತಲೇಬೇಕು, ಇಳಿದ ಮೇಲೆ ಪ್ಯಾನ್‌ಕೇಕ್ ತಿನ್ನಲೇಬೇಕು. ತನ್ನ ಮಕ್ಕಳಿಗೆ ಅದು ಸಿಗುತ್ತಿಲ್ಲ ಎಂಬ ಕೊರಗು ಆಕೆಯದು. ಹಾಗಾಗಿ ಇಲ್ಲಿಯ ಹಳೆಯ ಊರುಗಳನ್ನೇ ನೋಡೋಣ, ನೀವೂ ಬನ್ನಿ ಎಂದಳು.

ಆಕೆ ಹೋದ ಮೇಲೆ ನನ್ನ ಹೆಂಡತಿ ಲೋಟ ಎತ್ತುತ್ತ ಕೇಳಿದಳು, "ಆ ಮರಳಲ್ಲಿ ಎಂತ ನೋಡ್ಲಿಕ್ಕುಂಟು?"

ನನಗೂ ಗೊತ್ತಿರಲಿಲ್ಲ. ಆದರೂ ಹೋದೆವು. ಮೊದಲು ವಕ್ರಾದ ಕಡಲ ದಂಡೆಯ ಹಳೆಯ ಮನೆಗಳು, ಆಮೇಲೆ ಉಮ್ ಸಲಾಲ್‌ನ ಬುರುಜುಗಳು, ಒಂದು ಸಲ ದೂರದ ಜುಬಾರಾ ಕೋಟೆ. ಕೋಟೆಯೆಂದರೆ ರಾಜ, ಆನೆ, ಸಿಂಹಾಸನ ಎಂದು ಕಾದಿದ್ದ ಮಗ ಒಳಗೆಲ್ಲ ತಿರುಗಿ ಬಂದು, "ಖಲಾಸ್? ಇಷ್ಟೇಯಾ?" ಅಂದ. ಆದರೆ ಅವಳಿಯರು ಅವನ ಕೈಹಿಡಿದು ಮೂಲೆಯ ಬುರುಜಿನೊಳಕ್ಕೆ ಎಳೆದೊಯ್ದು, ಗೋಡೆಯ ಕಿಂಡಿಯಿಂದ ಮರುಭೂಮಿಯನ್ನು ತೋರಿಸಿದರು. ಅಲ್ಲಿ ಶತ್ರುಗಳ ಒಂಟೆದಂಡು ಬರುತ್ತಿದೆಯೆಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ.

ಚಳಿಗಾಲದ ಒಂದು ಶುಕ್ರವಾರ ಅಲ್ ಜುಮೈಲ್‌ಗೆ ಹೊರಟೆವು. ಉತ್ತರದ ತುದಿಯಲ್ಲಿ, ಜನ ಬಿಟ್ಟುಹೋದ ಮೀನುಗಾರರ ಊರು ಅದು. ನಾನು ರುವೈಸ್‌ನಲ್ಲಿ ಜುಮಾ ಮುಗಿಸಿ ಬರುವವರೆಗೆ ಮಕ್ಕಳು ಅಲ್ಲಿನ ದೋಣಿಗಳನ್ನು ನೋಡುತ್ತಿದ್ದರು. ಅಲ್ಲಿಂದ ಮುಂದೆ ಕಚ್ಚಾ ದಾರಿ. ಕಡಲು ಕಂಡ ಹುರುಪಿನಲ್ಲಿ ನಾನು ದಾರಿ ಬಿಟ್ಟು ಕಾರನ್ನು ನೇರ ದಂಡೆಯತ್ತ ತಿರುಗಿಸಿದೆ. ಮೇಲೆ ಗಟ್ಟಿಯಾಗಿ ಕಾಣುವ, ಒಳಗೆಲ್ಲ ಕೆಸರಾದ ಉಪ್ಪುನೆಲ ಅದು. ಮುಂದಿನ ಚಕ್ರಗಳು ಸದ್ದಿಲ್ಲದೆ ಹೂತುಹೋದವು. ಡಚ್ಚ ತನ್ನ ಜೀಪಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆಯಲು ಬಂದು ತಾನೂ ಹೂತುಕೊಂಡ. ಹೂಳೆತ್ತುವ ಎಂಜಿನಿಯರ್ ಹೂಳಿನಲ್ಲಿ ನಿಂತದ್ದನ್ನು ನೋಡಿ ಅವನ ಹೆಂಡತಿ ಬಾನೆಟ್ಟಿಗೆ ಒರಗಿ ನಕ್ಕಳು. ನಾವು ಹಲಗೆ ಹುಡುಕಿ, ಕೈಯಲ್ಲಿ ಕೆಸರು ಬಗೆದು ಸೋತೆವು.

ಆಗ ಬಂದದ್ದು ಒಂದು ಬಿಳಿ ಪಿಕಪ್. ಅದರಿಂದ ಇಳಿದವರು ನೀಳಕಾಯದ, ಬಿಳಿಗಡ್ಡದ ಕತಾರಿ ಹಿರಿಯರು. ಎರಡೂ ಗಾಡಿಗಳನ್ನು ಒಂದೊಂದಾಗಿ ಎಳೆದು ದಾರಿಗೆ ತಂದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಎಲ್ಲಿಯವನೆಂದು ಕೇಳಿದರು. ಅವರ ಹಿಂದಿ ಹಳೆಯ ಬೊಂಬಾಯಿಯದು. ಮಂಗಳೂರು ಎಂದೆ.

ಅವರ ಮುಖ ಅರಳಿತು. "ಮಂಗ್ಲೂರ್! ಅಲ್ಲಿಯ ಬಂದರಿನಲ್ಲಿ ನಾನು ಬಾಳೆಹಣ್ಣು ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೆ," ಎಂದರು. ಹುಡುಗನಾಗಿದ್ದಾಗ ತಂದೆಯ ಹಡಗಿನಲ್ಲಿ ಖರ್ಜೂರ ಹೇರಿಕೊಂಡು ಹೋಗಿ, ಮರ, ಅಕ್ಕಿ, ತೆಂಗಿನ ಹಗ್ಗ ತರುತ್ತಿದ್ದರಂತೆ. ಇಂಥ ಸುಡುಬಿಸಿಲಿನ ಊರಿನವನಿಗೆ ಮರದ ತುಂಬ ಹಣ್ಣು ನೇತಾಡುವುದು ಕಂಡರೆ ಹೇಗಾಗಿರಬೇಡ. ನಮ್ಮ ಬಂದರಿನ ವಾಸನೆ ಹೇಗಿತ್ತೆಂದು ಅವರು ಹೇಳುತ್ತಿದ್ದರೆ, ಅಲ್ಲಿ ಹುಟ್ಟಿ ಬೆಳೆದ ನಾನು ಬಾಯಿಬಿಟ್ಟು ಕೇಳುತ್ತಿದ್ದೆ.

ಇಲ್ಲಿಗೇಕೆ ಬಂದಿರಿ ಎಂದು ಕೇಳಿದ್ದಕ್ಕೆ ನನ್ನ ಮಗಳು, ಹಳೇ ಊರು ನೋಡಲಿಕ್ಕೆ ಎಂದಳು. ಹಿರಿಯರು ಮಕ್ಕಳಿಗೆ "ಯಲ್ಲಾ, ಬನ್ನಿ" ಅಂದು ಮುಂದೆ ನಡೆದರು. ಆ ಊರು ಅವರದೇ.

ಕಡಲಕಲ್ಲಿನ ಗೋಡೆಗಳ ನಡುವೆ ಛಾವಣಿಯಿಲ್ಲದ ಒಂದು ಮನೆಗೆ ಕರೆದೊಯ್ದರು. ಇದು ಅಮ್ಮ ಅಡುಗೆ ಮಾಡುತ್ತಿದ್ದ ಮೂಲೆ, ಇಲ್ಲಿ ಬೇಸಿಗೆಯಲ್ಲಿ ಎಲ್ಲರೂ ಮಲಗುತ್ತಿದ್ದೆವು, ಈ ಗೂಡಿನಲ್ಲಿ ದೀಪ ಎಂದು ತೋರಿಸಿದರು. ಮಕ್ಕಳು ಅದನ್ನು ಕೇಳಿಸಿಕೊಂಡದ್ದೇ ತಡ, ಮನೆಯಾಟ ಶುರುವಾಯಿತು. ಮಗ ಅಡುಗೆಯ ಮೂಲೆಯಲ್ಲಿ ಕೂತು ಚಿಪ್ಪುಗಳಲ್ಲಿ ಮರಳು ಬಡಿಸಿದ. ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಿಸ್ಮಿಲ್ಲಾ ಹೇಳಿ ಅದನ್ನು ತಿಂದಂತೆ ಮಾಡಿ, ಉಪ್ಪು ಸಾಲದೆಂದರು.

ಡಚ್ಚಳಿಗೆ ಗೋಪುರ ಬೇಕು. ಮಸೀದಿಯ ಮಿನಾರು ಇನ್ನೂ ನಿಂತಿತ್ತು, ಆದರೆ ಹಿರಿಯರು ಅದನ್ನು ಹತ್ತುವುದು ಬೇಡವೆಂದರು. ಬದಲಿಗೆ ತಾವು ಚಿಕ್ಕಂದಿನಲ್ಲಿ ಹತ್ತುತ್ತಿದ್ದ ದಪ್ಪ ಗೋಡೆಯೊಂದನ್ನು ತೋರಿಸಿದರು. ಮಕ್ಕಳ ಜತೆಗೆ ಆಕೆಯೂ ಹತ್ತಿ ಕೂತಳು. ಕೆಳಗೆ ನನ್ನ ಹೆಂಡತಿ ಗ್ಯಾಸ್ ಸ್ಟವ್ ಹೊತ್ತಿಸಿ, ಮನೆಯಿಂದ ತಂದ ಹಿಟ್ಟಿನಲ್ಲಿ ನೀರುದೋಸೆ ಎರೆದಳು. ಅದೇ ಕಾವಲಿಯಲ್ಲಿ ಪ್ಯಾನ್‌ಕೇಕೂ ಆಯಿತು. ಹಿರಿಯರು ಎರಡನ್ನೂ ಸುರುಳಿ ಸುತ್ತಿ, ನಾವು ತಂದಿದ್ದ ಕೋಳಿಸುಕ್ಕ ತುಂಬಿಸಿ ತಿಂದರು. ಪ್ಯಾನ್‌ಕೇಕಿಗೆ ಸುಕ್ಕ ಹಾಕುವುದುಂಟೇ ಎಂದು ಅವಳಿಯರಿಗೆ ಆಶ್ಚರ್ಯ. ರುಚಿ ನೋಡಿದ ಮೇಲೆ ಅವರೂ ಅದನ್ನೇ ಕೇಳಿದರು.

ಹೊರಡುವಾಗ ಹಿರಿಯರು ನನ್ನನ್ನು ಸ್ವಲ್ಪ ಬದಿಗೆ ಕರೆದು ಹೇಳಿದರು, "ನನ್ನ ಮೊಮ್ಮಕ್ಕಳು ಇದನ್ನು ನೋಡಿಲ್ಲ. ಕರೆದರೆ, ಅಲ್ಲಿ ಏನಿದೆ ಅನ್ನುತ್ತಾರೆ. ಬರುವ ವಾರ ನಿಮ್ಮ ಮಕ್ಕಳನ್ನು ಕರೆತನ್ನಿ, ನಾನು ನನ್ನವರನ್ನು ಕರೆತರುತ್ತೇನೆ."

ಆ ವಾರವೆಲ್ಲ ಮಗ ಶುಕ್ರವಾರ ಯಾವಾಗ ಎಂದು ಕೇಳುತ್ತಲೇ ಇದ್ದ.

ಮೊಮ್ಮಕ್ಕಳು ಬಂದರು, ಇಬ್ಬರು ಹುಡುಗರು ಮತ್ತು ಒಬ್ಬ ದಿಟ್ಟ ಹುಡುಗಿ. ಮೊದಲು ಪಿಕಪ್ಪಿನಿಂದ ಇಳಿಯಲಿಲ್ಲ, ಕಿಟಕಿಯಿಂದ ನಮ್ಮನ್ನು ನೋಡುತ್ತ ಕೂತರು. ಆಗ ಕಡಲು ಇಳಿಯುತ್ತಿತ್ತು. ಹಿರಿಯರು ನಮ್ಮನ್ನೆಲ್ಲ ದಂಡೆಗೆ ಕರೆದು, ನೀರಿನಡಿಯಿಂದ ಮೇಲೇಳುತ್ತಿದ್ದ ಕಲ್ಲಿನ ಗೋಡೆಯೊಂದನ್ನು ತೋರಿಸಿದರು. ಉಬ್ಬರದಲ್ಲಿ ಒಳಬಂದ ಮೀನು ಇಳಿತದಲ್ಲಿ ಹೊರಹೋಗದಂತೆ ಅವರ ಅಜ್ಜಂದಿರು ಕಟ್ಟಿದ ಬಲೆ ಅದು. ಒಳಗಿನ ಮಡುವಿನಲ್ಲಿ ಏನೋ ಮಿಂಚಿತು. ನನ್ನ ಮಗ ಬಟ್ಟೆ ಸಮೇತ ನುಗ್ಗಿದ. ಅವನ ಹಿಂದೆ ಅವಳಿಯರು. ಪಿಕಪ್ಪಿನ ಬಾಗಿಲು ತೆರೆದುಕೊಂಡಿತು.

ಆಮೇಲೆ ಯಾರು ಯಾವ ಭಾಷೆಯಲ್ಲಿ ಕೂಗುತ್ತಿದ್ದರೆಂದು ತಿಳಿಯಲಿಲ್ಲ. ಅಲ್ಲಿ, ಇಲ್ಲಿ, ಹೋಯಿತು, ಹಿಡಿ. ದಿಟ್ಟ ಹುಡುಗಿ ಅಜ್ಜನ ಕಡೆ ತಿರುಗಿ ಏನೋ ಕೇಳಿದಳು. ಅವರು ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ ತಾವೇ ನೀರಿಗಿಳಿದರು, ಬಾಗಿ ಎರಡು ಕೈಗಳನ್ನು ಕಲ್ಲಿನ ಸಂದಿಗೆ ಹೇಗೆ ಒಡ್ಡಬೇಕೆಂದು ತೋರಿಸಿದರು. ಡಚ್ಚ ಜಾರಿಬಿದ್ದು ಎದ್ದ. ಕರಾವಳಿಯಲ್ಲೇ ಬೆಳೆದರೂ ನೀರಿಗೆ ಕಾಲಿಡಲು ಹೆದರುತ್ತಿದ್ದ ನನ್ನ ಹೆಂಡತಿ ಚಪ್ಪಲಿ ಬಿಚ್ಚಿ, ಮಗಳ ಭುಜ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಮಡುವಿನ ನಡುವಿಗೆ ಬಂದು ನಿಂತಳು.

"ತಂಪುಂಟು ಮಾರಾಯ್ರೆ," ಎಂದಳು ನನಗೆ. "ನೀವು ಅಲ್ಲಿ ಎಂತ ಮಾಡ್ತೀರಿ? ಬನ್ನಿ."

ನಾನೂ ಇಳಿದೆ. ಅವತ್ತು ಸಿಕ್ಕಿದ್ದು ಅಂಗೈಯಗಲದ ಕೆಲವು ಮೀನು, ಕಚ್ಚುವ ಒಂದು ಏಡಿ. ಹಿರಿಯರು ಅವನ್ನು ತಾವು ಹುಟ್ಟಿದ ಮನೆಯ ಅಂಗಳದಲ್ಲೇ ಸುಟ್ಟು, ಮುಳ್ಳು ಬಿಡಿಸಿ ಎಲ್ಲ ಮಕ್ಕಳ ಕೈಗೂ ಒಂದೊಂದು ತುಂಡು ಇಟ್ಟರು.