ತುಟಿ ಹಚ್ಚದ ಮಾವನ ಮಜ್ಜಿಗೆ

ನನ್ನ ಸೋದರಮಾವ ಗ್ಲಾಸಿಗೆ ತುಟಿ ಹಚ್ಚಿದ್ದನ್ನು ಹೋದ ವಾರದವರೆಗೆ ನಾನು ನೋಡಿರಲಿಲ್ಲ. ನೀರಾಗಲಿ, ಮಜ್ಜಿಗೆಯಾಗಲಿ, ಕತ್ತು ಹಿಂದಕ್ಕೆ ಚೆಲ್ಲಿ ಮೇಲಿನಿಂದ ಸುರಿದುಕೊಳ್ಳುವುದೇ. ತುಬಚಿ ಊರಿನ ಅವರ ಮನೆಯಲ್ಲಿ ಯಾರಾದರೂ ಗ್ಲಾಸು ಎಂಜಲು ಮಾಡಿದರೆ ಮುಗಿಯಿತು. (ನಾನೂ ಬೈಸಿಕೊಂಡಿದ್ದೇನೆ, ಅದೂ ನೆಂಟರ ಮುಂದೆ.)

ಅಂಥ ಮಾವನಿಗೆ ಲಕ್ವಾ ಹೊಡೆಯಿತು. ಜಮಖಂಡಿಯ ಆಸ್ಪತ್ರೆ, ಮೂಗಿನಲ್ಲಿ ಊಟದ ಪೈಪು. ಹದಿನೈದು ದಿನದಿಂದ ಅವರದು ಒಂದೇ ಬೇಡಿಕೆ: ಮಜ್ಜಿಗೆ. ಕೊನೆಗೆ ಟೆಸ್ಟ್ ದಿನ ಬಂತು. ಸರಿಯಾಗಿ ನುಂಗಿದರೆ ಪೈಪು ತೆಗೆಯುವ ಮಾತು. ಇಲ್ಲವಾದರೆ ಅದು ಮೂಗಿನಲ್ಲೇ.

ಸಿಸ್ಟರ್ ಮಜ್ಜಿಗೆಗೆ ಏನೋ ಪುಡಿ ಬೆರೆಸಿ, ಗಂಟಲಲ್ಲಿ ಬೇಗ ಜಾರದಂತೆ ಗಟ್ಟಿ ಮಾಡಿ ತಂದರು. ಮಾವ ಗ್ಲಾಸು ಹಿಡಿದವರೇ ಗದ್ದ ಮೇಲೆತ್ತಿದರು. ಸಿಸ್ಟರ್ ಗಪ್ಪನೆ ಕೈ ಹಿಡಿದರು.

“ಗದ್ದ ಕೆಳಗ ಮಾಡ್ರಿ ಕಾಕಾ. ತುಟಿ ಹಚ್ಚಿ ಕುಡೀರಿ.”

“ಎಂಜಲಾಕ್ಕೈತಿ,” ಎಂದರು ಮಾವ. ಮಾತು ತೊದಲುತ್ತಿತ್ತು, ಹಟ ತೊದಲುತ್ತಿರಲಿಲ್ಲ.

ನಾನು ಮಾವನ ವಕೀಲನಾದೆ. “ನಾವೆಲ್ಲ ಎತ್ತೇ ಕುಡೀತೀವಲ್ರಿ ಸಿಸ್ಟರ್?”

“ಗಂಟಲದಾಗ ಎರಡು ದಾರಿ ಅದಾವ್ರಿ. ಒಂದು ಊಟದ್ದು, ಒಂದು ಉಸರಿಂದು. ನುಂಗೂ ಮುಂದ ಗಂಟಲ ಮ್ಯಾಲ ಏರತೈತಿ, ಉಸರಿನ ದಾರಿ ಮುಚ್ಚತೈತಿ. ಲಕ್ವಾ ಆದವರಿಗೆ ಅದು ತಡ ಆಗತೈತ್ರಿ. ಕತ್ತ ಎತ್ತಿದ್ರ, ಮುಚ್ಚೂದರಾಗ ನೀರು ಪುಪ್ಪುಸಕ್ಕ ಇಳದು ಬಿಡತೈತಿ. ಆಮ್ಯಾಲ ನ್ಯುಮೋನಿಯಾ.”

ನೀವೂ ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ. ಗಂಟಲು ಮೇಲೆ ಜಿಗಿದು ಇಳಿಯುತ್ತದೆ. ದಿನಕ್ಕೆ ಎಷ್ಟು ಸಲ ಈ ಕೆಲಸ ನಡೆಯುತ್ತದೋ, ಯಾರು ಲೆಕ್ಕ ಇಟ್ಟಿದ್ದಾರೆ? ನಾನಂತೂ ಈ ವಯಸ್ಸಿನವರೆಗೆ ಅದಕ್ಕೊಂದು ಥ್ಯಾಂಕ್ಸ್ ಹೇಳಿಲ್ಲ.

ಮಾವ ಗೋಡೆ ನೋಡಿದರು, ನನ್ನನ್ನು ನೋಡಿದರು, ಮಜ್ಜಿಗೆ ನೋಡಿದರು. ಮಜ್ಜಿಗೆ ಗೆದ್ದಿತು. ಗದ್ದ ಎದೆಯ ಕಡೆ ಬಾಗಿಸಿ, ಗ್ಲಾಸಿನ ಅಂಚಿಗೆ ತುಟಿ ಹಚ್ಚಿದರು. ಸಣ್ಣ ಗುಟುಕು. ಸಿಸ್ಟರ್ ಬೆರಳು ಗಂಟಲ ಮೇಲೆ. ನಾವೆಲ್ಲ ಕೆಮ್ಮಿಗಾಗಿ ಕಿವಿಯಾದೆವು.

ಕೆಮ್ಮು ಬರಲಿಲ್ಲ.

“ಆ ಅನ್ರಿ ಕಾಕಾ,” ಎಂದರು ಸಿಸ್ಟರ್. ದನಿ ಗೊರಗೊರ ಎಂದರೆ ಗಂಟಲಲ್ಲಿ ಏನೋ ಉಳಿದಿದೆ ಎಂದರ್ಥವಂತೆ. ಮಾವ “ಆ” ಎಂದರು, ದನಿ ಸ್ವಚ್ಛವಾಗಿತ್ತು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

“ಛಲೋ ಆತು. ಇನ್ನೊಂದು ಗುಟುಕು ತಗೋರಿ. ಬಾಯಾಗ ಇದ್ದಾಗ ಮಾತ್ರ ಮಾತಾಡಬ್ಯಾಡ್ರಿ.”

ಮಾವ ಎರಡನೇ ಗುಟುಕು ಬಾಯಿಗೆ ತೆಗೆದುಕೊಂಡರು. ಅಷ್ಟು ಹೊತ್ತು ಮಂಚದ ಕಾಲುಗಡೆ ನಿಂತಿದ್ದ ಅತ್ತೆ ಆಗ ಬಾಯಿಬಿಟ್ಟರು.

“ಲಗ್ನ ಆದಾಗಿಂದ ನಿಮಗ ಅಂಜಿ ನಾನೂ ಎತ್ತೇ ಕುಡದೇನ್ರಿ. ನಾಳಿಂದ ತುಟಿ ಹಚ್ಚಿ ಕುಡೀತೀನಿ.”

ಬಾಯಲ್ಲಿ ಮಜ್ಜಿಗೆ ಇಟ್ಟುಕೊಂಡು ಯಾವ ಗಂಡಸು ಬೈದಾನು?