ತಿರಕಪ್ಪನ ಮೀಟರ್‌ಗೇಜ್ ಯಾರ್ಡ್

ಗದಗಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ ಕಬ್ಬಿಣ ಕಡೆಯುವ ಲೇಥ್ ಮಷಿನ್ ಇಟ್ಟುಕೊಂಡಿದ್ದ ತಿರಕಪ್ಪನನ್ನು ಒಳ್ಳೆಯವನು ಎಂದು ಯಾರೂ ಅಂದದ್ದು ನಾನು ಕೇಳಿಲ್ಲ. ಕೆಲಸಗಾರ ಎಂದು ಮಾತ್ರ ಎಲ್ಲರೂ ಅನ್ನುತ್ತಿದ್ದರು. ಯಳವತ್ತಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿಗೆ ಗದಗಕ್ಕೆ ಬಂದು, ಇನ್ನೊಬ್ಬರ ಲೇಥಿನ ಮುಂದೆ ಹನ್ನೆರಡು ವರ್ಷ ನಿಂತು, ಆಮೇಲೆ ಸ್ವಂತದ್ದು ಹಾಕಿದ. ಪಂಪ್‌ಸೆಟ್ಟಿನ ಶಾಫ್ಟಿರಲಿ, ಟ್ರ್ಯಾಕ್ಟರಿನ ಬುಷ್ ಇರಲಿ, ಅವನ ಕೈಯಿಂದ ಬಂದದ್ದು ಒಂದೇ ಸಲಕ್ಕೆ ಕೂಡುತ್ತಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಅಮೃತವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು.

ಅಂಗಡಿಯ ಹಿಂದೆ ತಗಡಿನ ಒಂದು ಕೋಣೆ. ಅದರ ತುಂಬ ಹರಡಿದ್ದ ಮೇಜಿನ ಮೇಲೆ ತಿರಕಪ್ಪ ಗದಗ ಜಂಕ್ಷನ್ನಿನ ಹಳೆಯ ಯಾರ್ಡಿನ ಮಾದರಿಯನ್ನು ಕಟ್ಟುತ್ತಿದ್ದ. ಬ್ರಾಡ್‌ಗೇಜಿನ ಅಗಲ ಹಳಿ ಬರುವ ಮೊದಲಿನದು, ಅವನು ಹಳ್ಳಿಯಿಂದ ಬಂದು ಇಳಿದಾಗ ಕಂಡದ್ದು. ನಿಜವಾದ ಒಂದು ಅಡಿ ಅಲ್ಲಿ ಮೂರೂವರೆ ಮಿಲಿಮೀಟರ್. ಒಂದು ಮೀಟರ್ ಅಗಲದ ಹಳಿ ಹನ್ನೆರಡು ಮಿಲಿಮೀಟರಿಗೆ ಇಳಿದಿತ್ತು. ಬೋಗಿಗಳ ಗಾಲಿಗಳನ್ನು ಹಿತ್ತಾಳೆಯಲ್ಲಿ ಒಂದೊಂದಾಗಿ ತಾನೇ ಕಡೆದಿದ್ದ.

ನಾವು ಮೂವರು ಅವನಿಗೆ ಸಿಕ್ಕದ್ದು 2014ರಲ್ಲಿ, ಕೆಲಸದ ನೆಪದಿಂದ. ಮೇಜು ಮಾಡಲು ಶಿರಹಟ್ಟಿಯ ಬಡಿಗ ಉಸ್ಮಾನಸಾಬ ಬಂದ. ವೈರಿಂಗಿಗೆ ಲಕ್ಷ್ಮೇಶ್ವರದಿಂದ ಬೀರಲಿಂಗ ಬಂದ. ಮದುವೆ ಮನೆಗಳಿಗೆ ಲೈಟಿನ ಸರ ಹಾಕುವುದು ಅವನ ಉದ್ಯೋಗ. ಹಿಂದಿನ ಗೋಡೆಯ ಮೇಲೆ ಕಪ್ಪತಗುಡ್ಡದ ಸಾಲು ಬರೆಯಲು ನನ್ನನ್ನು ಕರೆಸಿದ. ನಾನು ಪರಶುರಾಮ, ಮುಳಗುಂದದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹಿಡಿದ ಕೆಲಸ ಮುಗಿದರೂ ಮೂವರೂ ಹೋಗುವುದನ್ನು ಬಿಡಲಿಲ್ಲ. ಗೇಣುದ್ದದ ಗಾಡಿ ಮೊದಲ ಸಲ ಸಿಗ್ನಲ್ ದಾಟಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗ ನಾಲ್ಕು ಜನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದ್ದೆವು. ಆಮೇಲೆ ರವಿವಾರ ಎಂದರೆ ಬೆಟಗೇರಿ ಎಂದೇ ಆಯಿತು.

ಬರೀ ರೈಲಿನ ಸ್ನೇಹವಾಗಿ ಅದು ಉಳಿಯಲಿಲ್ಲ. ಉಸ್ಮಾನಸಾಬನ ಹೆಂಡತಿ ದಿಲಶಾದಬಿ ಆಪರೇಶನ್ನಿಗೆಂದು ಗದಗದ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನವೂ ತಿರಕಪ್ಪ ಅಂಗಡಿ ಮುಚ್ಚಿ ಬುತ್ತಿ ಒಯ್ದ. ಕೊಟ್ಟು, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಹೇಗಿದ್ದೀರಿ ಎಂದೂ ಕೇಳದೆ ಬರುತ್ತಿದ್ದ. ನನ್ನ ತಾಯಿ ತೀರಿದಾಗ ಮುಳಗುಂದಕ್ಕೆ ಮೊದಲು ಬಂದವನು ಅವನೇ. ಬೀರಲಿಂಗ ಮಗಳನ್ನು ಶಾಲೆಗೆ ಕರೆದೊಯ್ಯುವ ಬೈಕಿನ ಮುರಿದ ಸ್ಟ್ಯಾಂಡನ್ನು ಯಾರೂ ಹೇಳದೆಯೇ ತಿರಕಪ್ಪ ಮಾಡಿಟ್ಟಿದ್ದ.

ಆದರೆ ಅವನ ನಾಲಗೆ ಬೇರೆ ಜಾತಿಯದು. ನಾನು ಬರೆದ ಗುಡ್ಡವನ್ನು ಮೂರು ಸಲ ಸುಣ್ಣ ಬಳಿದು ಅಳಿಸಿದ. ಉಸ್ಮಾನಸಾಬ ಯಾರ್ಡಿಗೆಂದು ಕಟ್ಟಿಗೆಯಲ್ಲಿ ಮಾಡಿದ ಗೂಡ್ಸ್ ಶೆಡ್ಡನ್ನು ದನದ ಕೊಟ್ಟಿಗೆ ಅಂದ. ಬೀರಲಿಂಗನ ಪಾಲಿಗಂತೂ ಆ ನಾಲಗೆ ಬಿಡುವೇ ಪಡೆಯುತ್ತಿರಲಿಲ್ಲ. ಅವನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟದ್ದು, ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಓದುವುದು, ಎಲ್ಲ ಪ್ರತಿ ರವಿವಾರ ಮಾತಿಗೆ ಬರುತ್ತಿತ್ತು. ಬೀರಲಿಂಗ ನಗುತ್ತಿದ್ದ. ಅವನು ನಗುತ್ತಾನಲ್ಲ ಎಂದು ನಾವೂ ನಗುತ್ತಿದ್ದೆವು.

2019ರ ದೀಪಾವಳಿ ಮುಗಿದ ಮೊದಲ ರವಿವಾರ ಬೀರಲಿಂಗ ಒಂದು ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಜೊತೆಗೆ ಒಂಬತ್ತನೆಯ ಇಯತ್ತೆ ಓದುತ್ತಿದ್ದ ಮಗಳು ಶೃತಿ. ಟವೆಲ್ ಬಿಚ್ಚಿದರೆ ಒಂದು ಡೀಸೆಲ್ ಎಂಜಿನ್. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಹಳೆಯ ಡಿವಿಡಿ ಪ್ಲೇಯರಿನ ಮೋಟರು ಕೂಡಿಸಿ, ನಮಗೆ ಯಾರಿಗೂ ಹೇಳದೆ ಎರಡು ವರ್ಷ ಮಾಡಿದ್ದ. ಎಂಜಿನ್ನಿನ ಮೇಲಿನ ನಂಬರ್ ತಾನೇ ಬರೆದದ್ದು ಎಂದು ಶೃತಿ ಹೇಳಿದಳು. ಹಳಿಯ ಮೇಲಿಟ್ಟರೆ ಸದ್ದಿಲ್ಲದೆ ಓಡಿತು.

ತಿರಕಪ್ಪ ಅದನ್ನು ಎತ್ತಿಕೊಂಡು ವರ್ನಿಯರ್ ಹಚ್ಚಿ ಅಳತೆ ತೆಗೆದ.

"ಎರಡು ಮಿಲಿಮೀಟರ್ ಉದ್ದ ಆಗೇತಿ."

"ಓಡತೈತಲ್ರಿ ಅಣ್ಣಾರ," ಎಂದ ಬೀರಲಿಂಗ.

"ಹೆಣಾನೂ ಬಂಡಿ ಮ್ಯಾಲ ಹೇರಿದ್ರ ಓಡತೈತಿ."

ಹಾಗೆಂದು ತಿರಕಪ್ಪ ಆ ಎಂಜಿನ್ನನ್ನು ಲೋಹ ಬಿಗಿಹಿಡಿಯುವ ವೈಸಿನ ದವಡೆಗಳ ನಡುವೆ ಇಟ್ಟು ಹಿಡಿಕೆ ತಿರುಗಿಸಿದ. ಸಿಟ್ಟಿರಲಿಲ್ಲ. ಶಾಫ್ಟು ಬಿಗಿಯುವಾಗ ಹೇಗೆ ತಿರುಗಿಸುತ್ತಾನೋ ಹಾಗೆಯೇ, ನಿಧಾನ. ತಗಡು ಮಡಚಿತು, ಒಳಗಿನ ಮೋಟರು ಚಟ್ಟೆಂದಿತು. ತಪ್ಪನ್ನು ಮನೆಯಲ್ಲಿಟ್ಟುಕೊಂಡರೆ ಅದೇ ರೂಢಿಯಾಗುತ್ತದೆ, ಇನ್ನೊಮ್ಮೆ ಮಾಡು ಎಂದು ಹೇಳಿ ಕೈ ಒರೆಸಿಕೊಂಡ.

ಉಸ್ಮಾನಸಾಬ ನೆಲ ನೋಡುತ್ತಿದ್ದ. ನನ್ನ ಕೈಯಲ್ಲಿ ಮಿರ್ಚಿ ಭಜಿ ಇತ್ತು. ಅದನ್ನು ತಿಂದು ಮುಗಿಸಿದೆ. ಬೀರಲಿಂಗ ಚೂರುಗಳನ್ನೆಲ್ಲ, ಉದುರಿದ ಬಣ್ಣದ ಚಕ್ಕೆಗಳನ್ನು ಸಹ, ಅಂಗೈಯಿಂದ ಬಳಿದು ಟವೆಲ್ಲಿನಲ್ಲಿ ಕಟ್ಟಿಕೊಂಡ. ಶೃತಿ ಮತ್ತೆಂದೂ ಬರಲಿಲ್ಲ. ಬೀರಲಿಂಗ ಮುಂದಿನ ರವಿವಾರ ಎಂದಿನಂತೆ ಬಂದು ವೈರಿಂಗ್ ಮಾಡುತ್ತ ಕೂತ. ದೊಡ್ಡ ಮನಸ್ಸಿನವನು ಎಂದು ನಾವು ತಿಳಿದೆವು.

2022ರ ಜೂನ್ ತಿಂಗಳಲ್ಲಿ, ಲೇಥಿನ ಮುಂದೆ ನಿಂತಲ್ಲಿಯೇ ತಿರಕಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರಾ ಹೋಯಿತು. ಬಾಯಿಂದ 'ಬ, ಬ' ಎಂಬುದೊಂದೇ ಹೊರಡುತ್ತಿತ್ತು. ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಲು ಬರುವುದಿಲ್ಲ ಅಷ್ಟೇ ಎಂದು ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಹೇಳಿದರು. ಆಗ ಅವನಿಗೆ ಐವತ್ತೆಂಟು.

ಲೇಥ್ ನಿಂತ ಮೇಲೆ ಮನೆ ನಡೆಯುವುದು ಅಮೃತವ್ವನ ರೊಟ್ಟಿಯಿಂದಲೇ. ಆಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ಕೂರಬೇಕು, ಬುಟ್ಟಿ ಹೊತ್ತು ಖಾನಾವಳಿಗಳಿಗೆ ಹೋಗಬೇಕು. ಅಷ್ಟು ಹೊತ್ತು ಅವನನ್ನು ನೋಡಿಕೊಳ್ಳುವವರು ಯಾರು? ನಾವು ಮೂವರು ದಿನ ಹಂಚಿಕೊಂಡೆವು. ಬುಧವಾರ ಉಸ್ಮಾನಸಾಬ, ರವಿವಾರ ನಾನು. ನಡುವೆ ಉಳಿದ ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಬೀರಲಿಂಗ. ಅವನ ಉದ್ಯೋಗ ಸಂಜೆಯದಾದ್ದರಿಂದ ತನಗೆ ತೊಂದರೆಯಿಲ್ಲ ಎಂದು ತಾನೇ ಮುಂದೆ ಬಂದ. ಶನಿವಾರ ರೊಟ್ಟಿ ಕಡಿಮೆ, ಅಮೃತವ್ವನೇ ಇರುತ್ತಿದ್ದಳು.

ಬೀರಲಿಂಗ ಮಾಡಿದಂಥ ಸೇವೆಯನ್ನು ಹೊಟ್ಟೆಯಲ್ಲಿ ಹುಟ್ಟಿದವರೂ ಮಾಡುವುದು ಕಡಿಮೆ. ಲಕ್ಷ್ಮೇಶ್ವರದ ಮೊದಲ ಬಸ್ಸಿಗೆ ಹೊರಟು ಎಂಟೂವರೆಗೆ ಬಾಗಿಲಲ್ಲಿರುತ್ತಿದ್ದ. ಹೇಲು ಉಚ್ಚೆ ಬಳಿದು, ಮೈ ಒರೆಸಿ, ಬೆನ್ನಿಗೆ ಪೌಡರ್ ಹಚ್ಚಿ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುತ್ತಿದ್ದ. ಗಡ್ಡ ಹೆರೆಯುತ್ತಿದ್ದ. ನುಚ್ಚನ್ನು ಊದಿ ಆರಿಸಿ ಎಡಗಡೆಯ ದವಡೆಗೆ ಒಂದೊಂದೇ ತುತ್ತು ಇಡುತ್ತಿದ್ದ. ಓಣಿಯ ಹೆಂಗಸರು ತಮ್ಮ ಗಂಡುಮಕ್ಕಳಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಸೆಪ್ಟೆಂಬರಿನ ಒಂದು ಮಂಗಳವಾರ ನಮ್ಮ ಶಾಲೆಗೆ ಅಚಾನಕ್ಕಾಗಿ ರಜೆ ಸಿಕ್ಕಿತು. ಬೆಟಗೇರಿಗೆ ಹೋದೆ. ಅಮೃತವ್ವ ಖಾನಾವಳಿಗೆ ಹೋಗಿದ್ದಳು, ಪಡಸಾಲೆಯಲ್ಲಿ ಯಾರೂ ಇಲ್ಲ. ಹಿಂದಿನ ಕೋಣೆಯಿಂದ ಗಾಡಿ ಓಡುವ ಸದ್ದು ಬರುತ್ತಿತ್ತು. ತಿರಕಪ್ಪ ಬಿದ್ದ ಮೇಲೆ ಆ ಕೋಣೆಯನ್ನು ನಾವು ಮುಚ್ಚಿಟ್ಟಿದ್ದೆವು; ನೋಡಿದರೆ ಅವನಿಗೆ ಸಂಕಟವಾದೀತು ಎಂದು. ಬಾಗಿಲ ಸಂದಿಯಿಂದ ನೋಡಿದೆ.

ಬೀರಲಿಂಗ ತಿರಕಪ್ಪನ ಗಾಲಿಕುರ್ಚಿಯನ್ನು ಮೇಜಿಗೆ ತಾಗಿಸಿ ನಿಲ್ಲಿಸಿದ್ದ. ಹಳಿಯ ಮೇಲೆ ಓಡುತ್ತಿದ್ದದ್ದು ಅವನದೇ ಎಂಜಿನ್, ಅದೇ ಉದ್ದಕ್ಕೆ ಮತ್ತೆ ಕಟ್ಟಿದ್ದು. ನಿಲ್ಲು ಎಂದು ಸಿಗ್ನಲ್ಲಿನ ಕೈಕಂಬ ಅಡ್ಡ ಚಾಚಿದ್ದರೂ ಗಾಡಿ ನಿಲ್ಲದೆ ದಾಟುತ್ತಿತ್ತು. ಕೊನೆಗಿರಬೇಕಾದ ಗಾರ್ಡಿನ ಡಬ್ಬಿ ಎಂಜಿನ್ನಿನ ಬೆನ್ನಿಗೆ, ಪ್ರಯಾಣಿಕರ ಬೋಗಿಗಳು ಎಣ್ಣೆ ಟ್ಯಾಂಕರುಗಳ ನಡುವೆ. ಎಲ್ಲ ತಪ್ಪು. ತಿರಕಪ್ಪ ಬ, ಬ ಎನ್ನುತ್ತಿದ್ದ.

"ಖರೆ ಐತೇನ್ರಿ ಅಣ್ಣಾರ? ತಪ್ಪಿದ್ರ ಹೇಳ್ರಿ, ತಿದ್ದತೀನಿ."

ದನಿಯಲ್ಲಿ ಕುಹಕವಿರಲಿಲ್ಲ. ಉತ್ತರಕ್ಕೆ ಕಾಯುವವನಂತೆ ಅವನ ಮುಖವನ್ನೇ ನೋಡುತ್ತ ನಿಂತ. ತಿರಕಪ್ಪನ ಎಡಗಣ್ಣಿನಿಂದ ನೀರು ಇಳಿಯಿತು. ಬೀರಲಿಂಗ ಅದನ್ನು ಟವೆಲ್ಲಿನಿಂದ ಒರೆಸಿದ. ಆಮೇಲೆ ತಿರಕಪ್ಪ ಮಾಡಿದ ಒಂದು ಬೋಗಿಯನ್ನು ಎತ್ತಿ, ಅವನ ಕಣ್ಣಿನ ಮುಂದೆ ಹಿಡಿದು, ಇಕ್ಕಳದಿಂದ ನಾಲ್ಕು ಜೊತೆ ಗಾಲಿಗಳನ್ನೂ ಕಿತ್ತು, ಚಾವಣಿಯನ್ನು ಮಡಚಿ ಬುಟ್ಟಿಗೆ ಹಾಕಿದ. ಮೇಜಿನ ಮೇಲಿನ ಖಾಲಿ ಹಳಿಗಳನ್ನು ನೋಡಿದರೆ ಇದು ಮೊದಲ ದಿನದ್ದಲ್ಲ ಎಂದು ತಿಳಿಯುತ್ತಿತ್ತು. ದಿನಕ್ಕೊಂದರಂತೆ ನಡೆದಿತ್ತು.

ನಾನು ಒಳಗೆ ಹೋಗಲಿಲ್ಲ. ಹೊರಗೆ ಹೋಗಿ ಚಹಾ ಕುಡಿದು, ಅರ್ಧ ತಾಸಿನ ಮೇಲೆ ಕೆಮ್ಮುತ್ತ ಬಂದೆ. ಬೀರಲಿಂಗ ಪಡಸಾಲೆಯಲ್ಲಿ ತಿರಕಪ್ಪನಿಗೆ ಉಣಿಸುತ್ತಿದ್ದ.

ಅಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕೇಳಿದೆ. ಅವನು ಮುಚ್ಚಿಡಲಿಲ್ಲ. ಸೇವೆ ಮಾಡು, ಅದೊಂದನ್ನು ಬಿಡು ಎಂದೆ.

"ಅದು ಬ್ಯಾರೆ ಇದು ಬ್ಯಾರೆ ಅಲ್ರಿ ಸರ್. ಅವರ ಹೇಲು ಬಳಿಯೂ ಹೊತ್ನ್ಯಾಗ ನನಗ ಶೃತಿ ಮಾರಿ ಕಣ್ಣಮುಂದ ಬರತೈತಿ. ಒಂದ ಡಬ್ಬಿ ಮುರದ್ರ ಆ ದಿನ ಕೈ ನಡೀತಾವು. ಇಲ್ಲಂದ್ರ ನಡಿಯಂಗಿಲ್ಲ." ಬಸ್ಸು ಬರುವ ದಾರಿ ನೋಡುತ್ತ ಹೇಳಿದ: "ನೀವು ಅಂದ್ರ ಬಿಡತೀನಿ. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ನೀವು ಬರ್ರಿ."

ಲಕ್ಷ್ಮೇಶ್ವರದ ಬಸ್ ಬಂತು. ಅವನು ಹತ್ತಿ ಹೋದ.

ಉಸ್ಮಾನಸಾಬನಿಗೆ ಹೇಳಿದರೆ ಅವನು ತನ್ನ ಸೊಂಟ ಹಿಡಿದಿದೆ, ಆ ಮೈಯನ್ನು ಒಬ್ಬನೇ ಎತ್ತಲಾರೆ ಎಂದಷ್ಟೇ ಅಂದ. ಕೊನೆಗೆ, ಹೇಳದೆ ಇದ್ದರೆ ತಪ್ಪಾದೀತು ಎಂದು, ಅಮೃತವ್ವನ ಹತ್ತಿರ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಗೊತ್ತೈತ್ರಿ. ಆ ಖೋಲಿ ಕಸ ಹೊಡಿಯಾಕಿ ನಾನ. ಆ ಗಾಲಿ ಎರಡು ತಿಂಗಳಾತು ಬಳ್ಯಾಕತ್ತಿ." ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮುಂದುವರಿಸಿದಳು. "ಇವ್ರ ಬೆನ್ನಾಗ ಇಂದಿನ ತನಕ ಒಂದ ಹುಣ್ಣ ಬಿದ್ದಿಲ್ಲ. ಅದು ಯಾರ ಕೈಯಾಗಿಂದ? ನೀವು ರವಿವಾರ ಬರತೀರಿ, ಪೇಪರ ಓದಿ ಹೇಳತೀರಿ, ಹೋಗತೀರಿ. ನನಗ ರೈಲು ಬೇಕಾಗಿಲ್ರಿ, ಮನಷ್ಯಾ ಬೇಕು."

ಅದಕ್ಕಿಂತ ಹೆಚ್ಚಿನದನ್ನೂ ಆಕೆ ಹೇಳಿದಳು. ಮದುವೆಯಾದ ಮೂರನೆಯ ವರ್ಷ ತಾನು ಕಸೂತಿ ಹಾಕಿದ್ದ ಒಂದು ಸೀರೆಯ ಸೆರಗನ್ನು, ನವಿಲಿನ ಕುತ್ತಿಗೆ ಸೊಟ್ಟಗಿದೆಯೆಂದು, ಗಂಡ ಕೂತು ಎಳೆ ಎಳೆಯಾಗಿ ಬಿಚ್ಚಿದ್ದನಂತೆ. ತಾನು ಮತ್ತೆ ಸೂಜಿ ಹಿಡಿಯಲಿಲ್ಲ ಎಂದಳು. ಹೇಳುವಾಗ ಕೈ ನಿಲ್ಲಲಿಲ್ಲ.

ಹೀಗೆ ಅವನ ಸುತ್ತ ಇದ್ದ ನಾವೆಲ್ಲರೂ ತಿಳಿದೇ ಸುಮ್ಮನಾದೆವು. ನಮಗೆ ತಿಳಿದದ್ದು ತಿರಕಪ್ಪನಿಗೂ ತಿಳಿದಿತ್ತು. ಮುಂದಿನ ರವಿವಾರ ನಾನು ಪೇಪರ್ ಓದುವಾಗ ಅವನು ಎಡಗೈಯಿಂದ ನನ್ನ ಅಂಗಿಯ ತೋಳನ್ನು ಹಿಡಿದು ಹಿಂದಿನ ಕೋಣೆಯ ಕಡೆಗೆ ಜಗ್ಗಿದ. ಬ, ಬ ಎಂದ. ನನಗೆ ಅರ್ಥವಾಗದವನಂತೆ ಅವನಿಗೆ ನೀರು ಕುಡಿಸಿದೆ. ಆಮೇಲೆ ಅವನು ನನ್ನನ್ನು ಜಗ್ಗಲಿಲ್ಲ.

ಡಿಸೆಂಬರಿಗೆ ಯಾರ್ಡು ಬರಿದಾಯಿತು. ಬೋಗಿಗಳು ಮುಗಿದ ಮೇಲೆ ಕೈಕಂಬಗಳು, ಆಮೇಲೆ ನೀರಿನ ಟಾಕಿ, ಉಸ್ಮಾನಸಾಬನ ಗೂಡ್ಸ್ ಶೆಡ್ಡು, ಕೊನೆಗೆ ಹಳಿಗಳು. ಮುರಿಯಲು ಏನೂ ಇಲ್ಲದಾದಾಗ ಬೀರಲಿಂಗ ಬರುವುದನ್ನು ಬಿಡುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಹೊಸ ವರ್ಷದ ಮೊದಲ ಸೋಮವಾರ ಎಂಟೂವರೆಗೆ ಬಂದ. ಆ ವರ್ಷಪೂರ್ತಿ ಬಂದ. ಅಮೃತವ್ವ ಹೇಳುವಂತೆ, ತಿರಕಪ್ಪನನ್ನು ಹಿಂದಿನ ಕೋಣೆಗೆ ಒಯ್ಯುವುದನ್ನು ಮಾತ್ರ ನಿಲ್ಲಿಸಿದ್ದ. ಅದೇ ನುಚ್ಚು, ಅದೇ ಪೌಡರ್, ಅದೇ ಮಗ್ಗಲು.

ವಿಚಿತ್ರವೆಂದರೆ ತಿರಕಪ್ಪ ಬೀರಲಿಂಗನ ಕೈಗೆ ಹೊಂದಿಕೊಂಡುಬಿಟ್ಟಿದ್ದ. ಬುಧವಾರ ಉಸ್ಮಾನಸಾಬ ಉಣಿಸಿದರೆ ಅರ್ಧ ಉಗುಳುತ್ತಿದ್ದ. ನಾನು ಗಡ್ಡ ಹೆರೆಯಲು ಹೋದರೆ ಮುಖ ತಿರುಗಿಸುತ್ತಿದ್ದ. ಬಸ್ಸು ತಡವಾಗಿ ಬೀರಲಿಂಗ ಬರುವುದು ಒಂಬತ್ತೂವರೆಯಾದರೆ ಅಲ್ಲಿಯವರೆಗೂ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. ಅವನ ಹೆಜ್ಜೆ ಕೇಳಿದಾಗ ಮುಖದಲ್ಲಿ ಬರುತ್ತಿದ್ದದ್ದು ಸಮಾಧಾನವೋ ಹೆದರಿಕೆಯೋ ಎಂದು ಹೆಂಡತಿಗೂ ಹೇಳಲಾಗುತ್ತಿರಲಿಲ್ಲ. ಎರಡೂ ಇದ್ದಿರಬೇಕು.

2024ರ ಜನವರಿಯಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಮೂರು ದಿನ ಇದ್ದ. ಮೈ ತೊಳೆಯುವಾಗ ಬಂದ ಹಿರಿಯರೊಬ್ಬರು, ಇಷ್ಟು ದಿನ ಮಲಗಿದ ಮೈ ಇಷ್ಟು ಸ್ವಚ್ಛ ಇದ್ದದ್ದು ನೋಡಿಲ್ಲ ಎಂದರು. ಬೀರಲಿಂಗ ಮುಂದಿನ ಹೆಗಲು ಕೊಟ್ಟ.

ತಗಡಿನ ಕೋಣೆಗೆ ಈಗ ಅಮೃತವ್ವ ಎರಡು ಒಲೆ ಹೂಡಿಸಿದ್ದಾಳೆ. ಸುಮಿತ್ರವ್ವ ಎಂಬ ಹೆಂಗಸೊಬ್ಬಳು ಜೊತೆಗೆ ಬಡಿಯುತ್ತಾಳೆ, ರೊಟ್ಟಿ ಮುಂಡರಗಿಯವರೆಗೂ ಹೋಗುತ್ತದೆ. ನಾವು ಮೂವರು ಸೇರುವುದು ನಿಂತಿದೆ. ಯಾರೂ ನಿಲ್ಲಿಸೋಣ ಎನ್ನಲಿಲ್ಲ, ಯಾರೂ ಫೋನ್ ಮಾಡಲಿಲ್ಲ.

ಹೋದ ತಿಂಗಳು ಶಿರಹಟ್ಟಿಯಿಂದ ಬರುವಾಗ ಬಸ್ಸಿನಲ್ಲಿ ಬೀರಲಿಂಗ ಸಿಕ್ಕ. ಸರಿದು ಜಾಗ ಕೊಟ್ಟ. ನನ್ನ ಮೊಣಕಾಲು ನೋವು ವಿಚಾರಿಸಿದ, ಶೃತಿ ಡಿಪ್ಲೊಮಾ ಮುಗಿಸಿದ್ದನ್ನು ಹೇಳಿದ. ಆಮೇಲೆ ಇಬ್ಬರೂ ಹೊರಗೆ ಗೋವಿನಜೋಳದ ಹೊಲ ನೋಡುತ್ತ ಕೂತೆವು. ಗದಗ ಹತ್ತಿರ ಬಂದಾಗ ಅವನಾಗಿಯೇ ಬಾಯಿಬಿಟ್ಟ.

"ಒಂದೂವರಿ ವರ್ಷದ ರೂಢಿ ನೋಡ್ರಿ. ಸೋಮವಾರ ಬಂತಂದ್ರ ಇನ್ನೂ ಐದಕ್ಕ ಎಚ್ಚರ ಆಗತೈತಿ. ಎದ್ದು ಜಳಕಾ ಮಾಡಿ ತಯಾರಾಗಿ ಕುಂಡರತೀನಿ. ಆಮ್ಯಾಲ ಎಲ್ಲೆ ಹೋಗಬೇಕ ತಿಳಿಯಂಗಿಲ್ಲ."

ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದು ಬೇರೆ ಬೇರೆ ದಿಕ್ಕಿಗೆ ನಡೆದೆವು.